ಬಣ್ಣ ಬಿಡಿ, ಹೊಗೆಕೊಳವೆ ನೋಡಿ: ಹಳೆಯ ಶಂಟಿಂಗ್ ಡೀಸೆಲ್‌ಗಳನ್ನು ಗುರುತಿಸುವುದು ಹೇಗೆ?

ಸೆಕೆಂಡ್ ಹ್ಯಾಂಡ್ ಮಾದರಿ ರೈಲು ಕೊಳ್ಳುವವರಿಗೆ ಈ ಫಜೀತಿ ಹೊಸದಲ್ಲ. ಪೆಟ್ಟಿಗೆಯ ಮೇಲೆ ‘ಡೀಸೆಲ್ ಸ್ವಿಚರ್’ ಎಂದಷ್ಟೇ ಇರುತ್ತದೆ. ಎಷ್ಟೋ ಸಲ ಪೆಟ್ಟಿಗೆಯೇ ಇರುವುದಿಲ್ಲ. ಎಂಜಿನ್ನಿನ ಪಕ್ಕದಲ್ಲಿ ಸಾಂಟಾ ಫೆ ಎಂದೋ ಪೆನ್ಸಿಲ್ವೇನಿಯಾ ಎಂದೋ ಬರೆದಿರುತ್ತದೆ. ಒಂದು ಕ್ಯಾಬ್, ಅದರ ಮುಂದೆ ಉದ್ದನೆಯ ಹುಡ್, ಕೆಳಗೆ ಎಂಟು ಗಾಲಿ. ಮೇಜಿನ ಮೇಲೆ ಸಾಲಾಗಿ ಇಟ್ಟರೆ ಎಲ್ಲವೂ ಒಂದೇ ತಾಯಿಯ ಮಕ್ಕಳ ಹಾಗೆ ಕಾಣುತ್ತವೆ. ಮಾರುವವರನ್ನು ಕೇಳಿದರೆ “ಹಳೇ ಕಾಲದ್ದು ಸಾರ್” ಎಂಬ ಉತ್ತರ ಸಿಗುತ್ತದೆ.

ನೀವು ಕಟ್ಟುತ್ತಿರುವುದು 1948ರ ಅಮೆರಿಕದ ಯಾವುದೋ ಸರಕು ಯಾರ್ಡ್ ಆಗಿದ್ದರೆ ಆ ಉತ್ತರ ಸಾಲದು. ಆ ವರ್ಷ ಎನ್‌ಡಬ್ಲ್ಯು2 ಎಲ್ಲೆಡೆ ಓಡಾಡುತ್ತಿತ್ತು. ನೋಡಲು ಅದರಂತೆಯೇ ಇರುವ ಎಸ್‌ಡಬ್ಲ್ಯು7 ಇನ್ನೂ ಕಾರ್ಖಾನೆಯಿಂದ ಹೊರಬಂದಿರಲಿಲ್ಲ. ಆಲ್ಕೋ ಎಸ್-2 ಇತ್ತು, ಎಸ್-4 ಇರಲಿಲ್ಲ. ಕೈಯಲ್ಲಿರುವ ಎಂಜಿನ್ ಯಾವುದು ಎಂದು ತಿಳಿದರೆ ಅದು ನಿಮ್ಮ ಲೇಔಟ್‌ಗೆ ಸೇರುತ್ತದೋ ಇಲ್ಲವೋ ಎಂಬುದೂ ತಿಳಿಯುತ್ತದೆ.

ಹಿನ್ನೆಲೆ ಎರಡು ಮಾತಿನಲ್ಲಿ

ಯಾರ್ಡಿನಲ್ಲಿ ಬೋಗಿಗಳನ್ನು ಬಿಡಿಸಿ ಜೋಡಿಸುವ ಎಂಜಿನ್ನಿಗೆ ನಮ್ಮಲ್ಲಿ ಶಂಟಿಂಗ್ ಎಂಜಿನ್ ಎನ್ನುತ್ತಾರೆ, ಅಮೆರಿಕದಲ್ಲಿ ಸ್ವಿಚರ್. ಅಲ್ಲಿ ಡೀಸೆಲ್ ಮೊದಲು ನೆಲೆಯೂರಿದ್ದು ಈ ಕೆಲಸದಲ್ಲೇ. ಆಲ್ಕೋ, ಜನರಲ್ ಎಲೆಕ್ಟ್ರಿಕ್ ಮತ್ತು ಇಂಗರ್ಸಾಲ್-ರ್‍ಯಾಂಡ್ ಕೂಡಿ ತಯಾರಿಸಿದ ಎಂಜಿನ್ 1925ರಲ್ಲಿ ಸೆಂಟ್ರಲ್ ರೈಲ್‌ರೋಡ್ ಆಫ್ ನ್ಯೂಜೆರ್ಸಿಯ 1000ನೇ ಸಂಖ್ಯೆಯಾಗಿ ಕೆಲಸಕ್ಕಿಳಿಯಿತು. 1930ರ ದಶಕದ ಕೊನೆಯ ಹೊತ್ತಿಗೆ ಎಲೆಕ್ಟ್ರೋ-ಮೋಟಿವ್ ಡಿವಿಷನ್ ಅಂದರೆ ಇಎಂಡಿ (ಆಗಿನ್ನೂ ಇಎಂಸಿ), ಆಲ್ಕೋ, ಬಾಲ್ಡ್‌ವಿನ್ ಮೂರೂ ಪೈಪೋಟಿಗೆ ಬಿದ್ದಿದ್ದವು. 1944ರಲ್ಲಿ ಫೇರ್‌ಬ್ಯಾಂಕ್ಸ್-ಮೋರ್ಸ್ ಸೇರಿಕೊಂಡಿತು. ಯುದ್ಧದ ವರ್ಷಗಳಲ್ಲಿ ಯಾವ ಕಾರ್ಖಾನೆ ಏನು ತಯಾರಿಸಬೇಕೆಂದು ಸರಕಾರವೇ ಗೊತ್ತುಮಾಡಿತು. ಇಎಂಡಿ ದೂರದ ಸರಕು ರೈಲಿನ ಎಂಜಿನ್‌ಗಳತ್ತ ತಿರುಗಬೇಕಾಯಿತು; ಯಾರ್ಡಿನ ಎಂಜಿನ್‌ಗಳು ಹೆಚ್ಚಾಗಿ ಆಲ್ಕೋ ಮತ್ತು ಬಾಲ್ಡ್‌ವಿನ್ ಪಾಲಾದವು. ಹಾಗಾಗಿ 1943-44ರ ಯಾರ್ಡ್ ಕಟ್ಟುವವರು ಹೊಸ ಎಂಜಿನ್ ಎಂದು ಆಲ್ಕೋ ಎಸ್-2 ಅಥವಾ ಬಾಲ್ಡ್‌ವಿನ್ ವಿಒ-1000 ಇಟ್ಟರೆ ಯಾರೂ ಆಕ್ಷೇಪಿಸುವಂತಿಲ್ಲ.

ಹೊರಗುರುತು ಏಕೆ ನಂಬಲರ್ಹ?

ಈ ಎಂಜಿನ್‌ಗಳಲ್ಲಿ ಅಲಂಕಾರ ಕಡಿಮೆ. ಹುಡ್ ಎಂದರೆ ಒಳಗಿನ ಯಂತ್ರಕ್ಕೆ ಹೊದಿಸಿದ ತಗಡು. ಒಳಗೆ ಇರುವುದು ಬದಲಾದರೆ ಹೊರಗೆ ಕಾಣುವುದೂ ಬದಲಾಗುತ್ತದೆ. ಸಿಲಿಂಡರ್ ಹೆಚ್ಚಾದರೆ ಹೊಗೆಕೊಳವೆ ಹೆಚ್ಚಾಗಬಹುದು. ಟರ್ಬೋಚಾರ್ಜರ್ ಸೇರಿದರೆ ಕೊಳವೆ ದಪ್ಪವಾಗುತ್ತದೆ. ಶಕ್ತಿ ಏರಿದಂತೆ ಶಾಖವೂ ಏರುವುದರಿಂದ ರೇಡಿಯೇಟರ್ ದೊಡ್ಡದಾಗುತ್ತದೆ. ಯಂತ್ರವೇ ಎತ್ತರವಾಗಿದ್ದರೆ ಹುಡ್ ಕೂಡ ಎತ್ತರವಾಗಲೇಬೇಕು.

ಬಣ್ಣ ಹಾಗಲ್ಲ. ರೈಲು ಕಂಪನಿ ಬಯಸಿದಾಗ ಬಳಿಯುತ್ತದೆ, ಮಾದರಿ ತಯಾರಕರು ಮಾರಾಟಕ್ಕೆ ತಕ್ಕಂತೆ ಬಳಿಯುತ್ತಾರೆ. ಆದ್ದರಿಂದ ಮೊದಲು ಆಕಾರ, ಆಮೇಲೆ ಅಳತೆ, ಕೊನೆಗೆ ಬಣ್ಣ ಮತ್ತು ಸಂಖ್ಯೆ ಎಂಬ ಕ್ರಮ ಇಟ್ಟುಕೊಳ್ಳಿ.

ಗುರುತಿಸುವ ಎಂಟು ಹಂತಗಳು

1. ಕ್ಯಾಬ್ ಎಲ್ಲಿದೆ ನೋಡಿ

ಕ್ಯಾಬ್ ನಡುವೆ ಇದ್ದು ಎರಡೂ ಕಡೆ ಗಿಡ್ಡ ಹುಡ್ ಇದ್ದರೆ ಅದು ಜನರಲ್ ಎಲೆಕ್ಟ್ರಿಕ್‌ನ 44 ಟನ್ನಿನ ಎಂಜಿನ್ ಆಗಿರುವ ಸಂಭವ ಹೆಚ್ಚು. 1940ರಿಂದ 1956ರವರೆಗೆ ತಯಾರಾದ ಇದರ ಎರಡು ಹುಡ್‌ಗಳಲ್ಲಿ ಒಂದೊಂದು ಕ್ಯಾಟರ್‌ಪಿಲ್ಲರ್ ಡೀಸೆಲ್ ಕೂತಿರುತ್ತದೆ. ತೂಕ 44 ಟನ್ನಿಗೇ ನಿಂತದ್ದಕ್ಕೂ ಕಾರಣವಿದೆ. ಚಾಲಕ ಗಾಲಿಗಳ ಮೇಲೆ 90,000 ಪೌಂಡಿಗಿಂತ ಹೆಚ್ಚು ಭಾರವಿರುವ ಎಂಜಿನ್ನಿನಲ್ಲಿ ಚಾಲಕನ ಜೊತೆ ಫೈರ್‌ಮನ್ ಕೂಡ ಇರಬೇಕೆಂದು 1937ರಲ್ಲಿ ಕಾರ್ಮಿಕರೊಂದಿಗೆ ಒಪ್ಪಂದವಾಗಿತ್ತು. ಅಮೆರಿಕದ ಲೆಕ್ಕದಲ್ಲಿ 44 ಟನ್ ಎಂದರೆ 88,000 ಪೌಂಡ್. ಮಿತಿಯ ಒಳಗೇ ಉಳಿದದ್ದರಿಂದ ಒಬ್ಬನೇ ಚಾಲಕ ಸಾಕಾಯಿತು. ಸಣ್ಣ ಶಾಖಾ ಮಾರ್ಗಕ್ಕೆ, ಒಂದು ಕಾರ್ಖಾನೆಯ ಸೈಡಿಂಗ್‌ಗೆ ಹೇಳಿ ಮಾಡಿಸಿದ ಎಂಜಿನ್ ಇದು. ವಿಟ್‌ಕೂಂಬ್, ಡ್ಯಾವೆನ್‌ಪೋರ್ಟ್ ಕಂಪನಿಗಳೂ ನಡುಕ್ಯಾಬಿನ ಎಂಜಿನ್ ಮಾಡಿದ್ದವು. ಹೆಸರು ಖಚಿತಪಡಿಸುವ ಮುನ್ನ ಫೋಟೋ ಜೊತೆ ಹೋಲಿಸಿ.

ಕ್ಯಾಬ್ ಒಂದು ತುದಿಯಲ್ಲಿದ್ದರೆ ಮುಂದಿನ ಹಂತಕ್ಕೆ ಹೋಗಿ.

2. ಹುಡ್‌ನ ಎತ್ತರ ಅಳೆಯಿರಿ

ಹುಡ್ ಹೆಚ್ಚುಕಡಿಮೆ ಕ್ಯಾಬಿನ ಛಾವಣಿಯ ಮಟ್ಟಕ್ಕೇ ಇದ್ದರೆ ಮುಖ್ಯವಾಗಿ ಎರಡು ಸಾಧ್ಯತೆ. ಒಂದು, 1931ರಿಂದ 1940ರವರೆಗಿನ ಆಲ್ಕೋದ ಎತ್ತರದ ಹುಡ್‌ನ ಎಂಜಿನ್‌ಗಳು; ಎಚ್‌ಎಚ್ ಅಕ್ಷರಗಳಿಂದ ಶುರುವಾಗುವ ಹೆಸರು ಇವಕ್ಕೆ. ಇನ್ನೊಂದು, ಫೇರ್‌ಬ್ಯಾಂಕ್ಸ್-ಮೋರ್ಸ್‌ನ ಎಚ್-10-44 ಮತ್ತು ಎಚ್-12-44.

ಫೇರ್‌ಬ್ಯಾಂಕ್ಸ್-ಮೋರ್ಸ್ ಎಂಜಿನ್ನಿನಲ್ಲಿ ಪ್ರತಿ ಸಿಲಿಂಡರಿಗೆ ಎರಡು ಪಿಸ್ಟನ್. ಮೇಲಿಂದ ಒಂದು, ಕೆಳಗಿಂದ ಒಂದು ಎದುರುಬದುರಾಗಿ ಚಲಿಸುತ್ತವೆ. ಕ್ರ್ಯಾಂಕ್‌ಶಾಫ್ಟ್ ಕೂಡ ಎರಡು, ಮೇಲೊಂದು ಕೆಳಗೊಂದು. ಇಷ್ಟೆಲ್ಲ ನಿಲುವಾಗಿ ಕೂರಬೇಕಾದ್ದರಿಂದ ಹುಡ್ ಎತ್ತರವಾಯಿತು. ಮೊದಲ ವರ್ಷಗಳ ಎಂಜಿನ್‌ಗಳಿಗೆ ರೇಮಂಡ್ ಲೋವಿ ರೂಪ ಕೊಟ್ಟರು. ಕ್ಯಾಬಿನ ಛಾವಣಿ ಹಿಂಗೋಡೆಯನ್ನು ದಾಟಿ ಸೂರಿನಂತೆ ಚಾಚಿಕೊಂಡಿದ್ದರೆ ಅದು ಆ ಕಾಲದ್ದು. ಎಚ್-12-44ರ ಕೊನೆಯ ವರ್ಷಗಳಲ್ಲಿ ಈ ಶೃಂಗಾರವೂ ಹೋಯಿತು, ಉದ್ದವೂ ಸುಮಾರು 3 ಅಡಿ ಕಡಿಮೆಯಾಯಿತು.

ಹುಡ್ ಕ್ಯಾಬಿಗಿಂತ ತಗ್ಗಾಗಿದ್ದು, ಚಾಲಕನಿಗೆ ಅದರ ಮೇಲಿನಿಂದ ಮುಂದೆ ಕಾಣುವಂತಿದ್ದರೆ ಮೂರನೇ ಹಂತ ನೋಡಿ.

3. ಹುಡ್ ಕ್ಯಾಬನ್ನು ಸೇರುವ ಜಾಗ ಗಮನಿಸಿ

ಇಎಂಡಿಯನ್ನು ಬೇರ್ಪಡಿಸಲು ಇದಕ್ಕಿಂತ ಸುಲಭದ ದಾರಿಯಿಲ್ಲ. ಅದರ ಹುಡ್ ಕ್ಯಾಬ್ ಹತ್ತಿರ ಬರುತ್ತಿದ್ದಂತೆ ಇಳಿಜಾರಾಗಿ ಕಿರಿದಾಗುತ್ತದೆ. ಕ್ಯಾಬಿನ ಮುಂಗಿಟಕಿಗಳಿಗೆ ನೋಟ ಸಿಗಲೆಂದು ಈ ಏರ್ಪಾಟು. ಎಸ್‌ಡಬ್ಲ್ಯು1ರಿಂದ ಎಸ್‌ಡಬ್ಲ್ಯು1200ರವರೆಗೆ ಇದು ಉಳಿದುಬಂದಿದೆ. ಆಲ್ಕೋ ಎಸ್ ಮಾಲಿಕೆಯಲ್ಲೂ ಬಾಲ್ಡ್‌ವಿನ್‌ನಲ್ಲೂ ಹುಡ್ ನೇರವಾಗಿ ಬಂದು ಕ್ಯಾಬಿಗೆ ತಾಗುತ್ತದೆ.

4. ರೇಡಿಯೇಟರ್ ಎತ್ತ ಮುಖ ಮಾಡಿದೆ?

ಹುಡ್‌ನ ಮುಂತುದಿಯ ಎರಡೂ ಪಕ್ಕಗಳಲ್ಲಿ ಷಟರ್‌ಗಳ ಚೌಕ ಕಂಡರೆ ಆಲ್ಕೋ. ಮುಂಭಾಗದಲ್ಲೇ ಅಗಲವಾದ ಜಾಲರಿ ಇದ್ದರೆ ಇಎಂಡಿ ಅಥವಾ ಬಾಲ್ಡ್‌ವಿನ್. ಇವೆರಡನ್ನು ಮೂರನೇ ಹಂತದ ಇಳಿಜಾರು ಬೇರ್ಪಡಿಸುತ್ತದೆ.

ಆಲ್ಕೋ ಎಂದು ಗೊತ್ತಾದ ಮೇಲೆ ಅದೇ ಷಟರ್ ಇನ್ನೂ ಒಂದು ಸುಳಿವು ಕೊಡುತ್ತದೆ. 660 ಅಶ್ವಶಕ್ತಿಯ ಎಸ್-1 ಮತ್ತು ಎಸ್-3ರಲ್ಲಿ ಷಟರಿನ ಅಗಲಕ್ಕಿಂತ ಎತ್ತರ ಹೆಚ್ಚು. 1,000 ಅಶ್ವಶಕ್ತಿಯ ಎಸ್-2 ಮತ್ತು ಎಸ್-4ರಲ್ಲಿ ಅದು ಅಗಲವಾಗಿ ಹರಡಿಕೊಂಡಿರುತ್ತದೆ. ಶಾಖ ಹೆಚ್ಚು, ಅದಕ್ಕೇ ಷಟರ್ ದೊಡ್ಡದು.

ಆಲ್ಕೋ ಎಂಬ ಹೆಸರು ನಮ್ಮ ರೈಲುಪ್ರಿಯರಿಗೆ ಪರಿಚಿತ. ಭಾರತೀಯ ರೈಲ್ವೆಯ ಡಬ್ಲ್ಯುಡಿಎಂ-2 ಆಲ್ಕೋ ವಿನ್ಯಾಸದ್ದೇ. ಆದರೆ ಅದರೊಳಗಿನ 251 ಎಂಜಿನ್ ನಂತರದ ಪೀಳಿಗೆಯದು. ಎಸ್-1ರಿಂದ ಎಸ್-4ರವರೆಗೆ ಇರುವುದು ಅದಕ್ಕಿಂತ ಹಳೆಯ 539.

5. ಹೊಗೆಕೊಳವೆ ಎಣಿಸಿ, ಅದರ ಜಾಗ ಗುರುತಿಸಿ

ಇಎಂಡಿಯಲ್ಲಿ ಒಂದು ಕೊಳವೆ ಎಂದರೆ 6 ಅಥವಾ 8 ಸಿಲಿಂಡರ್, ಎರಡು ಕೊಳವೆ ಎಂದರೆ 12 ಸಿಲಿಂಡರ್.

ಒಂದೇ ಕೊಳವೆ ಇದ್ದರೆ: 600 ಅಶ್ವಶಕ್ತಿಯ ಎಸ್‌ಡಬ್ಲ್ಯು1, 800ರ ಎಸ್‌ಡಬ್ಲ್ಯು8, ನಂತರದ ಎಸ್‌ಡಬ್ಲ್ಯು600 ಮತ್ತು ಎಸ್‌ಡಬ್ಲ್ಯು900. ಇವುಗಳಲ್ಲಿ ಎಸ್‌ಡಬ್ಲ್ಯು1ರ ಹುಡ್ ಗಿಡ್ಡ. ಚೌಕಟ್ಟು ದೊಡ್ಡಣ್ಣಂದಿರಷ್ಟೇ ಉದ್ದವಿರುವುದರಿಂದ ಮುಂದುಗಡೆ ನಿಲ್ಲುವ ಜಗಲಿ ವಿಶಾಲವಾಗಿ ಉಳಿದಿರುತ್ತದೆ.

ಎರಡು ಕೊಳವೆ ಇದ್ದರೆ: 1,000 ಅಶ್ವಶಕ್ತಿಯ ಎನ್‌ಡಬ್ಲ್ಯು2, 1,200ರ ಎಸ್‌ಡಬ್ಲ್ಯು7, ಎಸ್‌ಡಬ್ಲ್ಯು9, ಎಸ್‌ಡಬ್ಲ್ಯು1200. ಬಹುಪಾಲು ಎಸ್‌ಡಬ್ಲ್ಯು7ಗಳಲ್ಲಿ ಹುಡ್‌ನ ಬುಡದುದ್ದಕ್ಕೂ ಗಾಳಿಕಿಂಡಿಗಳ ಸಾಲು ಇರುತ್ತದೆ. ಎಸ್‌ಡಬ್ಲ್ಯು9ರಲ್ಲಿ ಕಿಂಡಿಗಳು ಮೇಲ್ಭಾಗಕ್ಕೆ ಸೀಮಿತ. ಎನ್‌ಡಬ್ಲ್ಯು2 ಮತ್ತು ಎಸ್‌ಡಬ್ಲ್ಯು7ರ ನಡುವೆ ಗೊಂದಲವಾದರೆ ಎಂಟನೇ ಹಂತದ ಸಂಖ್ಯೆಯೇ ಭದ್ರವಾದ ಆಧಾರ.

ಆಲ್ಕೋದಲ್ಲಿ ಕೊಳವೆ ಒಂದೇ, ಆದರೆ ಅದರ ಬುಡ ನೋಡಬೇಕು. ಟರ್ಬೋ ಇಲ್ಲದ ಎಸ್-1, ಎಸ್-3ರ ಕೊಳವೆ ಸಣ್ಣದು, ಬುಡ ದುಂಡಗೆ. ಟರ್ಬೋ ಇರುವ ಎಸ್-2, ಎಸ್-4ರದು ದಪ್ಪ, ಬುಡ ಉದ್ದುದ್ದ.

ಬಾಲ್ಡ್‌ವಿನ್‌ನಲ್ಲಿ ಟರ್ಬೋ ಇಲ್ಲದ 8 ಸಿಲಿಂಡರಿನ ಎಂಜಿನ್‌ಗಳ ಮೇಲೆ ನಾಲ್ಕು ಗಿಡ್ಡ ಕೊಳವೆಗಳ ಸಾಲು ಸಾಮಾನ್ಯ. ಟರ್ಬೋ ಬಂದ ಮೇಲಿನವುಗಳಲ್ಲಿ, ಮುಖ್ಯವಾಗಿ 1951ರಿಂದ 1956ರವರೆಗಿನ ಎಸ್-12ರಲ್ಲಿ, ಒಂದೇ ದಪ್ಪ ಕೊಳವೆ ಹುಡ್‌ನ ನಡುಗೆರೆಯಿಂದ ಒಂದು ಪಕ್ಕಕ್ಕೆ ಸರಿದು ನಿಂತಿರುತ್ತದೆ. ಮಾದರಿಯನ್ನು ಮೇಲಿನಿಂದ ನೋಡಿದರೆ ಇದು ಥಟ್ಟನೆ ಕಣ್ಣಿಗೆ ಬೀಳುತ್ತದೆ.

6. ಟ್ರಕ್ ಹೋಲಿಸಿ

ಎರಡೆರಡು ಅಚ್ಚುಗಳನ್ನು ಹಿಡಿದಿರುವ ಗಾಲಿಚೌಕಟ್ಟಿಗೆ ಅಮೆರಿಕನ್ನರು ಟ್ರಕ್ ಎನ್ನುತ್ತಾರೆ. ಆಲ್ಕೋ ಎಸ್-1ಕ್ಕೂ ಎಸ್-3ಕ್ಕೂ, ಹಾಗೆಯೇ ಎಸ್-2ಕ್ಕೂ ಎಸ್-4ಕ್ಕೂ ಇರುವ ಮುಖ್ಯ ವ್ಯತ್ಯಾಸ ಇದೇ. ಎಸ್-1, ಎಸ್-2ರಲ್ಲಿ ಆಲ್ಕೋದ ಸ್ವಂತ ಬ್ಲಂಟ್ ಟ್ರಕ್. ಎಸ್-3, ಎಸ್-4ರಲ್ಲಿ ಬೇರೆ ಕಂಪನಿಗಳೂ ಬಳಸುತ್ತಿದ್ದ ಎಎಆರ್ ಎ ಮಾದರಿಯ ಟ್ರಕ್. ಒಂದು ಎಸ್-2 ಮತ್ತು ಒಂದು ಎಸ್-4ರ ಪಕ್ಕನೋಟದ ಫೋಟೋ ಎದುರಿಗಿಟ್ಟುಕೊಂಡು ಒಮ್ಮೆ ನೋಡಿದರೆ ಕಣ್ಣಿಗೆ ಪಾಠವಾಗುತ್ತದೆ.

7. ಅಳತೆ ತೆಗೆಯಿರಿ

ಎಚ್‌ಒ ಅಳತೆಯಲ್ಲಿ (1:87) ನಿಜವಾದ ಒಂದು ಅಡಿಗೆ 3.5 ಮಿ.ಮೀ. ಎನ್ ಅಳತೆಯಲ್ಲಿ (1:160) ಸುಮಾರು 1.9 ಮಿ.ಮೀ. ಎನ್‌ಡಬ್ಲ್ಯು2ರ ಉದ್ದ 44 ಅಡಿ 5 ಇಂಚು. ಎಚ್‌ಒದಲ್ಲಿ ಅದು ಸುಮಾರು 155 ಮಿ.ಮೀ., ಎನ್‌ನಲ್ಲಿ 85 ಮಿ.ಮೀ. ಆಲ್ಕೋ ಎಸ್-2 ಸುಮಾರು ಒಂದು ಅಡಿ ಹೆಚ್ಚು ಉದ್ದ, ಎಚ್‌ಒದಲ್ಲಿ 159 ಮಿ.ಮೀ. 44 ಟನ್ನಿನ ಎಂಜಿನ್ ಎಚ್‌ಒದಲ್ಲಿ 12 ಸೆಂ.ಮೀ. ಆಸುಪಾಸು.

ಮಾದರಿಗಳ ಕಪ್ಲಿಂಗ್ ಅಳತೆ ಮೀರಿ ದೊಡ್ಡದಾಗಿರುವುದರಿಂದ ತುದಿಯಿಂದ ತುದಿಯ ಉದ್ದ ಕೆಲವು ಮಿ.ಮೀ. ಹೆಚ್ಚುಕಡಿಮೆಯಾದೀತು. ಟ್ರಕ್ಕಿನ ಎರಡು ಅಚ್ಚುಗಳ ನಡುವಿನ ದೂರ ಇದಕ್ಕಿಂತ ನಂಬಿಕಸ್ಥ. ಇಎಂಡಿಯಲ್ಲೂ ಆಲ್ಕೋದಲ್ಲೂ ಅದು 8 ಅಡಿ, ಅಂದರೆ ಎಚ್‌ಒದಲ್ಲಿ 28 ಮಿ.ಮೀ. ನಿಮ್ಮ ಮಾದರಿಯಲ್ಲಿ ಅದು 32 ಮಿ.ಮೀ. ಬಂದರೆ ತಯಾರಕರು ಬೇರೆ ಎಂಜಿನ್ನಿನ ಟ್ರಕ್ ತಂದು ಜೋಡಿಸಿದ್ದಾರೆ ಎಂದೇ ತಿಳಿಯಿರಿ.

8. ಕೊನೆಗೆ ಸಂಖ್ಯೆ

ಕ್ಯಾಬಿನ ಪಕ್ಕದಲ್ಲಿರುವ ಸಂಖ್ಯೆ ಬರೆದುಕೊಂಡು ಆ ರೈಲು ಕಂಪನಿಯ ಎಂಜಿನ್ ಪಟ್ಟಿಯಲ್ಲಿ ಹುಡುಕಿ. ಪಟ್ಟಿಯಲ್ಲಿ ತಯಾರಕ, ಮಾದರಿ, ತಯಾರಾದ ವರ್ಷ ಮೂರೂ ಸಿಗುತ್ತವೆ. ಉದಾಹರಣೆಗೆ, ಮಿಲ್ವಾಕೀ ರೋಡ್ 1802 ಎಂದರೆ ಫೇರ್‌ಬ್ಯಾಂಕ್ಸ್-ಮೋರ್ಸ್ 1944ರಲ್ಲಿ ತಯಾರಿಸಿದ ಮೊದಲ ಎಚ್-10-44. ಆ ಎಂಜಿನ್ ಈಗ ವಿಸ್ಕಾನ್ಸಿನ್‌ನ ಗ್ರೀನ್ ಬೇಯ ರೈಲು ವಸ್ತುಸಂಗ್ರಹಾಲಯದಲ್ಲಿದೆ. ಆಕಾರ ಒಂದು ಹೇಳಿ ಪಟ್ಟಿ ಇನ್ನೊಂದು ಹೇಳಿದರೆ, ಮಾದರಿಯ ಮೇಲೆ ಬಳಿದ ಬಣ್ಣ ಅದರದ್ದಲ್ಲ ಎಂದರ್ಥ.

ಯಾವ ಕಾಲಕ್ಕೆ ಯಾವುದು?

ಗುರುತು ಹಿಡಿದ ಮೇಲೆ ಈ ಪಟ್ಟಿ ನೋಡಿ. ಇವು ತಯಾರಿಕೆಯ ವರ್ಷಗಳು. ಎಂಜಿನ್‌ಗಳು ಆಮೇಲೂ ದಶಕಗಟ್ಟಲೆ ದುಡಿದಿವೆ. ಆದ್ದರಿಂದ ನಿಮ್ಮ ಲೇಔಟ್‌ನ ವರ್ಷ ತಯಾರಿಕೆಯ ಮೊದಲ ವರ್ಷಕ್ಕಿಂತ ಹಿಂದೆ ಇರಬಾರದು ಎಂಬುದಷ್ಟೇ ಕಟ್ಟುನಿಟ್ಟಿನ ನಿಯಮ.

• ಇಎಂಡಿ ಎಸ್‌ಡಬ್ಲ್ಯು1: 1938ರ ಕೊನೆಯಿಂದ 1953
• ಇಎಂಡಿ ಎನ್‌ಡಬ್ಲ್ಯು2: 1939–1949
• ಇಎಂಡಿ ಎಸ್‌ಡಬ್ಲ್ಯು7: 1949ರ ಅಕ್ಟೋಬರ್‌ನಿಂದ 1951ರ ಆರಂಭ, ಅದರ ಹಿಂದೆಯೇ ಎಸ್‌ಡಬ್ಲ್ಯು9, 1953ರವರೆಗೆ
• ಇಎಂಡಿ ಎಸ್‌ಡಬ್ಲ್ಯು1200: 1954–1966
• ಆಲ್ಕೋ ಎಸ್-1, ಎಸ್-2: 1940–1950
• ಆಲ್ಕೋ ಎಸ್-4: 1949ರ ಮಧ್ಯದಿಂದ, ಎಸ್-3: 1950ರಿಂದ
• ಬಾಲ್ಡ್‌ವಿನ್ ವಿಒ-660, ವಿಒ-1000: 1939–1946
• ಬಾಲ್ಡ್‌ವಿನ್ ಎಸ್-12: 1951–1956
• ಫೇರ್‌ಬ್ಯಾಂಕ್ಸ್-ಮೋರ್ಸ್ ಎಚ್-10-44: 1944–1950, ಎಚ್-12-44: 1950–1961
• ಜನರಲ್ ಎಲೆಕ್ಟ್ರಿಕ್ 44 ಟನ್: 1940–1956

ಸಾಮಾನ್ಯವಾಗಿ ಆಗುವ ತಪ್ಪುಗಳು

• ಬಣ್ಣ ನೋಡಿ ತೀರ್ಮಾನಿಸುವುದು. ಒಂದೇ ಅಚ್ಚಿನಿಂದ ಬಂದ ಬಾಡಿಯನ್ನು ಹತ್ತಾರು ಕಂಪನಿಗಳ ಬಣ್ಣದಲ್ಲಿ ಮಾರುವುದು ಮಾದರಿ ವ್ಯಾಪಾರದ ಹಳೆಯ ಪದ್ಧತಿ. ಆ ರೈಲು ಕಂಪನಿ ಅಂಥ ಎಂಜಿನ್ ಕೊಂಡೇ ಇರಲಿಕ್ಕಿಲ್ಲ.

• ‘ಎಸ್’ ಅಕ್ಷರ ನಂಬುವುದು. ಆಲ್ಕೋದಲ್ಲೂ ಎಸ್ ಇದೆ, ಬಾಲ್ಡ್‌ವಿನ್‌ನಲ್ಲೂ ಇದೆ. ಬಾಲ್ಡ್‌ವಿನ್ ಎಸ್-12ರಲ್ಲಿನ 12 ಎಂದರೆ 1,200 ಅಶ್ವಶಕ್ತಿ. ಆಲ್ಕೋ ಎಸ್-4ರಲ್ಲಿನ 4 ಬರೀ ಕ್ರಮಸಂಖ್ಯೆ. ಟಿಪ್ಪಣಿ ಬರೆಯುವಾಗ ತಯಾರಕರ ಹೆಸರನ್ನೂ ಸೇರಿಸಿ ಬರೆಯಿರಿ.

• ಉದ್ದ ನೋಡಿ ಶಕ್ತಿ ಊಹಿಸುವುದು. 600 ಅಶ್ವಶಕ್ತಿಯ ಎಸ್‌ಡಬ್ಲ್ಯು1ಕ್ಕೂ 1,000ದ ಎನ್‌ಡಬ್ಲ್ಯು2ಕ್ಕೂ ಚೌಕಟ್ಟಿನ ಉದ್ದ ಒಂದೇ.

• ಕ್ಯಾಬ್ ಇಲ್ಲದ್ದನ್ನು ಮುರಿದ ಮಾದರಿ ಎಂದುಕೊಳ್ಳುವುದು. ಇಎಂಡಿ ಕೆಲವು ಎಂಜಿನ್‌ಗಳನ್ನು ಜೋಡಿಯಾಗಿ ಮಾರಿತ್ತು. ಒಂದಕ್ಕೆ ಕ್ಯಾಬ್ ಇರುತ್ತದೆ, ಅದರ ಬೆನ್ನಿಗೆ ಅಂಟಿಕೊಂಡು ಬರುವ ಇನ್ನೊಂದಕ್ಕೆ ಇರುವುದಿಲ್ಲ. ರೈಲಿನವರ ಬಾಯಲ್ಲಿ ಇವು ಹಸು ಮತ್ತು ಕರು. ಬಿಸಾಡುವ ಬೆಲೆಗೆ ಸಿಕ್ಕ ‘ಕ್ಯಾಬ್ ಇಲ್ಲದ ಡೀಸೆಲ್’ ಅಂಥ ಕರುವಾಗಿರಬಹುದು.

• ಒಂದೇ ಫೋಟೋ ನೆಚ್ಚುವುದು. ವಸ್ತುಸಂಗ್ರಹಾಲಯದ ಎಂಜಿನ್ ಅಲ್ಲಿಗೆ ಬರುವ ಮೊದಲು ಎರಡು ಮೂರು ಒಡೆಯರ ಕೈ ಬದಲಾಗಿ ಸಾಕಷ್ಟು ಮಾರ್ಪಾಟು ಕಂಡಿರುತ್ತದೆ. ನಿಮ್ಮ ಲೇಔಟ್‌ನ ಕಾಲದಲ್ಲೇ ತೆಗೆದ ಫೋಟೋ ಹುಡುಕಿ.

ಎಚ್ಚರಿಕೆಗಳು

• ನಿಜ ಎಂಜಿನ್‌ಗಳೂ ವೇಷ ಬದಲಿಸುತ್ತವೆ. ಎಷ್ಟೋ ಬಾಲ್ಡ್‌ವಿನ್‌ಗಳಿಗೆ ಮುಂದೆ ಇಎಂಡಿಯ 567 ಎಂಜಿನ್ ಕೂರಿಸಿದರು, ಆಗ ಕೊಳವೆಗಳೂ ಬದಲಾದವು. ಕಿಡಿ ಹಾರದಂತೆ ಕೊಳವೆಯ ಮೇಲೆ ಡಬ್ಬಿಯಂಥ ತಡೆ ಹಾಕಿದ್ದೂ ಉಂಟು. ಟ್ರಕ್ ಅದಲುಬದಲಾದದ್ದೂ ಇದೆ. ಒಂದೇ ಗುರುತಿನ ಮೇಲೆ ತೀರ್ಪು ಕೊಡಬೇಡಿ.

• ಹಳೆಯ ಮಾದರಿಗಳಲ್ಲಿ ಹುಡ್‌ನ ಅಗಲ ನಂಬಬೇಡಿ. ಆ ಕಾಲದ ದಪ್ಪ ಮೋಟಾರು ಹಿಡಿಸಲೆಂದು ಅದನ್ನು ಅಗಲ ಮಾಡುವುದಿತ್ತು. ಪಕ್ಕದ ನಡೆದಾಡುವ ಹಲಗೆ ತೀರ ಕಿರಿದಾಗಿದ್ದರೆ ಕಾರಣ ಅದೇ.

• ಧೂಳು ಒರೆಸಲು ಮೆತ್ತನೆಯ ಒಣ ಬ್ರಷ್ ಸಾಕು. ಸ್ಪಿರಿಟ್, ಥಿನ್ನರ್ ಮುಟ್ಟಿಸಿದರೆ ಬಣ್ಣದ ಜೊತೆ ಸಂಖ್ಯೆಯೂ ಅಳಿಸಿ, ಎಂಟನೇ ಹಂತದ ಸಾಕ್ಷಿಯೇ ಹೋದೀತು.

• ಹಳಿಗೆ ಇಡುವ ಮುನ್ನ ಗಾಲಿಗಳನ್ನು ಬೆರಳಿನಿಂದ ಮೆಲ್ಲಗೆ ತಿರುಗಿಸಲು ನೋಡಿ. ಕೆಲವು ಎಂಜಿನ್‌ಗಳ ಗಿಯರ್ ಕೈಗೆ ತಿರುಗುವುದಿಲ್ಲ, ಬಲ ಹಾಕಬೇಡಿ. ಅಚ್ಚಿನ ಮೇಲಿನ ಪ್ಲಾಸ್ಟಿಕ್ ಹಲ್ಲುಚಕ್ರದಲ್ಲಿ ಸಣ್ಣ ಬಿರುಕಿದ್ದರೂ ಎಂಜಿನ್ ಕುಂಟುತ್ತದೆ. ಮೊದಲ ಓಟ ಸಾಧಾರಣ ಡಿಸಿ ನಿಯಂತ್ರಕದಲ್ಲಿ, ನಿಧಾನ ವೇಗದಲ್ಲಿ ಇರಲಿ. ಡಿಜಿಟಲ್ ಡಿಕೋಡರ್ ಕೂರಿಸುವ ಯೋಚನೆ ಆಮೇಲೆ.

ಕೊಳ್ಳುವ ಮುನ್ನ

ಅಂಗಡಿಗೋ ಪ್ರದರ್ಶನಕ್ಕೋ ಹೋಗುವಾಗ ಮಿ.ಮೀ. ಗೆರೆಗಳಿರುವ ಪುಟ್ಟ ಸ್ಕೇಲು, ಭೂತಗನ್ನಡಿ, ಮೊಬೈಲಿನಲ್ಲಿ ನಾಲ್ಕೈದು ಒಳ್ಳೆಯ ಪಕ್ಕನೋಟದ ಫೋಟೋ ಇದ್ದರೆ ಸಾಕು. ಮಾರುವವರು ಫೋಟೋ ಕಳುಹಿಸುವುದಾದರೆ ಮೂರು ಕೋನದಿಂದ ಕೇಳಿ: ಪಕ್ಕದಿಂದ, ಮುಂದಿನಿಂದ, ಮೇಲಿನಿಂದ. ಮೇಲಿನ ಫೋಟೋ ಕಳುಹಿಸುವವರು ಕಡಿಮೆ, ಆದರೆ ಕೊಳವೆಯ ಎಣಿಕೆ ಮತ್ತು ಜಾಗ ನಿರ್ಧಾರವಾಗುವುದು ಅದರಲ್ಲೇ.

ಈ ಗುರುತುಗಳನ್ನು ಕಣ್ಣಾರೆ ಕಂಡು ಕಲಿಯಲು ಕೆಲವು ನಿಖರ ಮಾದರಿಗಳು ನೆರವಾಗುತ್ತವೆ. ಕಾಟೋದ ಎನ್‌ಡಬ್ಲ್ಯು2, ಅಟ್ಲಾಸ್‌ನ ಆಲ್ಕೋ ಎಸ್-2, ಬ್ಯಾಕ್‌ಮನ್‌ನ 44 ಟನ್ನಿನ ಎಂಜಿನ್ ಹವ್ಯಾಸಿಗಳ ಬಳಿ ಸಾಮಾನ್ಯವಾಗಿ ಇರುವಂಥವು. ಗೆಳೆಯರ ಹತ್ತಿರ ಇದ್ದರೆ ಪಕ್ಕದಲ್ಲಿಟ್ಟು ಹೋಲಿಸಿ.

ಕೊನೆಯದಾಗಿ ತೀರ್ಮಾನದ ಸೂತ್ರ. ಹುಡ್, ರೇಡಿಯೇಟರ್, ಕೊಳವೆ, ಟ್ರಕ್ ಈ ನಾಲ್ಕರಲ್ಲಿ ಮೂರು ಒಂದೇ ಹೆಸರು ಹೇಳಿ, ಸಂಖ್ಯೆಯೂ ತಾಳೆಯಾದರೆ ಪೆಟ್ಟಿಗೆಯ ಮೇಲೆ ಶಾಯಿಯಲ್ಲಿ ಹೆಸರು ಬರೆಯಿರಿ. ಮೂರು ಹೊಂದಿ ಸಂಖ್ಯೆ ಮಾತ್ರ ತಪ್ಪಿದರೆ ಎಂಜಿನ್ ಸರಿ, ಬಣ್ಣ ತಪ್ಪು. ಹೊಸದಾಗಿ ಬಣ್ಣ ಬಳಿದು ಬಳಸಬಹುದು. ಎರಡೇ ಹೊಂದಿದರೆ ಪೆನ್ಸಿಲ್‌ನಲ್ಲಿ ಬರೆದಿಡಿ. ಯಾವುದೂ ಹೊಂದದಿದ್ದರೆ ಅದು ತಯಾರಕರ ಕಲ್ಪನೆಯ ಎಂಜಿನ್. ಬೆಲೆ ಅಗ್ಗವಾಗಿದ್ದು ಓಟ ಚೆನ್ನಾಗಿದ್ದರೆ ಕೊಳ್ಳಿ, ನಿಮ್ಮ ಲೇಔಟ್‌ನ ಹಿಟ್ಟಿನ ಗಿರಣಿಗೋ ಸಿಮೆಂಟ್ ಕಾರ್ಖಾನೆಗೋ ಸೇರಿದ ಖಾಸಗಿ ಎಂಜಿನ್ ಎಂದು ಹೆಸರಿಡಿ. ಎನ್‌ಡಬ್ಲ್ಯು2 ಎಂದು ಹೇಳಿ ಎನ್‌ಡಬ್ಲ್ಯು2ರ ಬೆಲೆ ಕೇಳಿದರೆ ಮಾತ್ರ ಮರುಮಾತಿಲ್ಲದೆ ವಾಪಸು ಕೊಡಿ.